ಒಂದೇ ಗುಂಡಿಗೆ ನಲವತ್ತೊಂಬತ್ತು ಅಕ್ಷರ

ಗಣಕಯಂತ್ರವೆಂದರೆ ಕೀಲಿಮಣೆ ಮತ್ತು ಮೌಸ್ ಎಂಬ ತಿಳಿವಳಿಕೆ ಸಾಮಾನ್ಯ. ಶಾಲೆಯ ಪಾಠವೂ ಅಲ್ಲಿಂದಲೇ ಆರಂಭವಾಗುತ್ತದೆ. ಆದರೆ ಇವೆರಡಕ್ಕೂ ಹೇಳಿದಂತೆ ಕೇಳುವ ಬೆರಳುಗಳು ಬೇಕು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಬುದ್ಧಿ ಚುರುಕಾಗಿದ್ದರೂ ಕೈ ಹಿಡಿತಕ್ಕೆ ಸಿಗದಿರಬಹುದು. ಪರೀಕ್ಷೆಯಲ್ಲಿ ಬರೆದುಕೊಡಲು ಇನ್ನೊಬ್ಬರ ನೆರವು ಪಡೆಯಬಹುದು. ಗೆಳೆಯನಿಗೆ ಬರೆಯುವ ಕಾಗದಕ್ಕೂ ಇನ್ನೊಬ್ಬರ ಕೈಯೇ ಬೇಕಾದರೆ ಆ ಮಗುವಿಗೆ ಗುಟ್ಟು ಎಂಬುದೇ ಉಳಿಯುವುದಿಲ್ಲ.

ಮನುಷ್ಯನಿಗೆ ತಕ್ಕಂತೆ ಯಂತ್ರವನ್ನು ಬದಲಿಸುವ ಗಂಭೀರ ಪ್ರಯತ್ನವೊಂದು ಬೆಂಗಳೂರಿನಲ್ಲೇ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಕಂಪನಿಯೊಡನೆ ಸೇರಿ 2001ರಲ್ಲಿ 'ಸಿಂಪ್ಯೂಟರ್' ಎಂಬ ಅಂಗೈ ಅಗಲದ ಗಣಕವನ್ನು ಮುಂದಿಟ್ಟರು. ಅದಕ್ಕೆ ಕೀಲಿಮಣೆ ಇರಲಿಲ್ಲ. ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು. ಓದು ಬಾರದವರಿಗಾಗಿ ಬರಹವನ್ನು ಭಾರತೀಯ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡೂ ಇತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ ಮಾರುಕಟ್ಟೆಗೆ ಬಂದ 'ಅಮಿಡಾ' ಮಾದರಿಯಲ್ಲಿ ಚಲನೆಯನ್ನು ಗುರುತಿಸುವ ಸಂವೇದಕವಿತ್ತು. ಯಂತ್ರವನ್ನೇ ವಾಲಿಸಿ ಪುಟ ತಿರುವಬಹುದಿತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಸಿಂಪ್ಯೂಟರ್ ಹೆಚ್ಚು ಮಾರಾಟವಾಗಲಿಲ್ಲ, ಅದು ಬೇರೆ ಮಾತು.

ಬೆರಳಿನಿಂದ ಕಡ್ಡಿಯನ್ನೂ ಹಿಡಿಯಲಾಗದವರ ಗತಿ? ದನಿಯಿಂದ ಗಣಕವನ್ನು ನಡೆಸಬಹುದು, ಆದರೆ ಮಾತು ತೊದಲಿದರೆ ಯಂತ್ರ ತಪ್ಪು ಕೇಳಿಸಿಕೊಳ್ಳುತ್ತದೆ. ಕಣ್ಣಿನ ನೋಟವನ್ನು ಹಿಂಬಾಲಿಸುವ ಉಪಕರಣಗಳಿವೆ, ಒಳ್ಳೆಯವು ದುಬಾರಿ. ಎಲ್ಲಕ್ಕಿಂತ ಸರಳವಾದದ್ದು ಒಂದೇ ಒಂದು ಗುಂಡಿ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ ದನಿ ಕಳೆದುಕೊಂಡ ಮೇಲೆ ಕೈಯಲ್ಲಿ ಗುಂಡಿ ಒತ್ತಿ ಪದಗಳನ್ನು ಆರಿಸುತ್ತಿದ್ದರು. ಕೈಯೂ ಸೋತ ಮೇಲೆ ಕೆನ್ನೆಯ ಸ್ನಾಯುವಿನ ಅಲುಗಾಟವನ್ನು ಕನ್ನಡಕಕ್ಕೆ ಕಟ್ಟಿದ ಅವಗೆಂಪು ಸಂವೇದಕ ಗುರುತಿಸುತ್ತಿತ್ತು.

ಒಂದು ಗುಂಡಿಯಿಂದ ಇಡೀ ವರ್ಣಮಾಲೆ ಹೇಗೆ? ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತಾ ಹೋಗುತ್ತವೆ. ಬೇಕಾದದ್ದು ಬೆಳಗಿದಾಗ ಒತ್ತಬೇಕು. ಅಕ್ಷರಕ್ಕೊಂದು ಸೆಕೆಂಡು ಎಂದುಕೊಂಡರೆ ಕನ್ನಡದ 49 ಅಕ್ಷರಗಳಲ್ಲಿ 40ನೆಯದಾದ 'ಮ'ಕ್ಕೆ 40 ಸೆಕೆಂಡು ಕಾಯಬೇಕು. ಅವನ್ನೇ ಏಳು ಸಾಲು, ಏಳು ಮನೆಗಳಾಗಿ ಜೋಡಿಸಿ ನೋಡಿ. ಮೊದಲು ಸಾಲುಗಳು ಬೆಳಗುತ್ತವೆ. ಆರನೆಯ ಸಾಲಿಗೆ ಒಮ್ಮೆ ಒತ್ತಿ, ಅದರ ಐದನೆಯ ಮನೆಗೆ ಇನ್ನೊಮ್ಮೆ ಒತ್ತಿದರೆ 11 ಸೆಕೆಂಡಿಗೆ 'ಮ' ಸಿಕ್ಕಿತು. 'ಅ'ಗೆ ಮಾತ್ರ ಒಂದು ಸೆಕೆಂಡು ನಷ್ಟ! ಒತ್ತಕ್ಷರ ಕೂಡಿಸುವ ಚಿಹ್ನೆಗೆ ಎಂಟನೆಯ ಸಾಲಿನ ಮೊದಲ ಮನೆ ಕೊಟ್ಟರೆ 'ಅಮ್ಮ' ಬರೆಯಲು ಒಟ್ಟು 33 ಸೆಕೆಂಡು. ಒಂದೇ ಸಾಲಿನಲ್ಲಿದ್ದರೆ 131. ಹೆಚ್ಚು ಬಳಸುವ ಅಕ್ಷರಗಳನ್ನು ಮೇಲಕ್ಕೆ ತಂದರೆ ಇನ್ನೂ ಉಳಿತಾಯ. ವಿದ್ಯಾರ್ಥಿಗಳು ಚೌಕಳಿ ಕಾಗದದಲ್ಲಿ ತಮ್ಮ ಹೆಸರಿಗೆ ಲೆಕ್ಕ ಹಾಕಿ ನೋಡಬಹುದು.

ಕದರಮಂಡಲಗಿಯಂಥ ಊರಿನಲ್ಲೂ ಇದನ್ನು ಮಾಡಿಕೊಳ್ಳಬಹುದು. ಹಳೆಯ ಮೌಸ್ ಒಂದನ್ನು ಗಣಕದಿಂದ ಕಳಚಿ ಬಿಚ್ಚಿದರೆ ಎಡಗುಂಡಿಯ ಕೆಳಗೆ ಪುಟ್ಟ ಸ್ವಿಚ್ ಕಾಣುತ್ತದೆ. ಒತ್ತಿದಾಗ ಒಂದಕ್ಕೊಂದು ಕೂಡಿಕೊಳ್ಳುವ ಅದರ ಎರಡು ಕಾಲುಗಳಿಗೆ ತಂತಿ ಬೆಸೆದು, ಬ್ಯಾಡಗಿಯ ವಿದ್ಯುತ್ ಸಾಮಾನಿನ ಅಂಗಡಿಯಿಂದ ತಂದ ಕರೆಗಂಟೆಯ ಗುಂಡಿಗೆ ಜೋಡಿಸಬೇಕು. ಗಣಕದಿಂದ ಮೌಸ್‌ಗೆ ಬರುವುದು 5 ವೋಲ್ಟ್ ಮಾತ್ರ. ಮನೆಯ ವಿದ್ಯುತ್ತಿಗೂ ಈ ಗುಂಡಿಗೂ ಎಂದೂ ಸಂಬಂಧ ಕಲ್ಪಿಸಕೂಡದು. ಬೆಸುಗೆಯ ಕೆಲಸಕ್ಕೆ ಹಿರಿಯರು ಜೊತೆಗಿರಲಿ. ವಿಂಡೋಸ್‌ನ 'ಆನ್-ಸ್ಕ್ರೀನ್ ಕೀಬೋರ್ಡ್'ನಲ್ಲಿ ಹೀಗೆ ಸಾಲು ಹಿಡಿದು ಬೆಳಗುವ ಸೌಲಭ್ಯ ಮೊದಲೇ ಇದೆ. ಕನ್ನಡದ ವಿನ್ಯಾಸ ಆರಿಸಿಕೊಂಡರೆ ಕನ್ನಡ ಅಕ್ಷರಗಳೇ ಕಾಣುತ್ತವೆ.

ಗುಂಡಿ ಎಲ್ಲಿರಬೇಕು ಎಂಬುದೇ ಕಷ್ಟದ ಪ್ರಶ್ನೆ. ಮೊಣಕೈ, ಮಂಡಿ, ಪಾದ, ತಲೆಯ ಪಕ್ಕ - ಯಾವ ಚಲನೆ ಆಯಾಸವಿಲ್ಲದೆ ಮತ್ತೆ ಮತ್ತೆ ಆಗುತ್ತದೋ ಅಲ್ಲಿ. ಇದನ್ನು ತಿಳಿಯಲು ತಂದೆತಾಯಿಗಳು ಕೆಲವು ದಿನ ಸುಮ್ಮನೆ ಗಮನಿಸಬೇಕಾಗುತ್ತದೆ. ಮೊದಮೊದಲು ಬೆಳಕು ಸರಿಯುವ ವೇಗ ಎರಡು ಮೂರು ಸೆಕೆಂಡಿಗೊಂದು ಹೆಜ್ಜೆಯಷ್ಟಿರಲಿ. ವೇಗ ಹೆಚ್ಚಿಸುವ ಸಮಯ ಬಂದಾಗ ಮಗುವೇ ಅದನ್ನು ಬರೆದು ಹೇಳುತ್ತದೆ.