ಸರ್ವರ್ ಎಂಬ ವಠಾರ: ಪಕ್ಕದ ಮನೆಗೆ ಇಣುಕದ ಹಾಗೆ ಮಾಡೋದು ಹೇಗೆ?

ಇವತ್ತು ಒಂದು ಸಣ್ಣ ಸೆಟ್ಟಿಂಗ್ ಬಗ್ಗೆ ಮಾತಾಡೋಣ. ಸಣ್ಣದೇ, ಆದರೆ ಮರೆತರೆ ಬೇರೆಯವರ ಗುಟ್ಟು ಬೀದಿಗೆ ಬೀಳುತ್ತೆ.

ಹೀಗೆ ಅಂದ್ಕೊಳ್ಳಿ. ನೀವು ಒಬ್ಬ ಆಡಿಟರ್ ಆಫೀಸಿನ ಸರ್ವರ್ ನೋಡ್ಕೊಳ್ತೀರಿ. ಬ್ಯಾಂಕ್ ಸ್ಟೇಟ್‌ಮೆಂಟು, ಪ್ಯಾನ್ ಕಾರ್ಡು, ಬಿಲ್ಲು ಕಳಿಸಲಿ ಅಂತ ಪ್ರತಿ ಗ್ರಾಹಕರಿಗೂ ಒಂದೊಂದು ಎಸ್‌ಎಫ್‌ಟಿಪಿ ಲಾಗಿನ್ ಕೊಟ್ಟಿದ್ದೀರಿ. ಲಾಗಿನ್ ಆದವರು ಬಂದು ನಿಲ್ಲೋದು ಅವರವರ ಹೋಮ್ ಫೋಲ್ಡರ್‌ನಲ್ಲೇ. ಆದರೆ ಒಂದು ಮೆಟ್ಟಿಲು ಮೇಲೆ ಹತ್ತಿದರೆ? ಎಲ್ಲ ಗ್ರಾಹಕರ ಫೋಲ್ಡರ್‌ಗಳ ಪಟ್ಟಿ ಕಣ್ಣೆದುರು! ಉಬುಂಟುವಿನಲ್ಲಿ 2021ರ 21.04 ಆವೃತ್ತಿಗೆ ಮೊದಲು ಹೊಸ ಹೋಮ್ ಫೋಲ್ಡರ್‌ಗೆ ಸಿಗ್ತಿದ್ದ ಅನುಮತಿ 755. ಅಂದರೆ ಬೇರೆಯವರೂ ಒಳಗೆ ಹೋಗಿ ನೋಡಬಹುದು. ಇದಕ್ಕೆ ಹ್ಯಾಕಿಂಗ್ ಏನೂ ಬೇಕಿಲ್ಲ. ವಠಾರದಲ್ಲಿ ಕಿಟಕಿ ತೆಗೆದಿದ್ರೆ ಪಕ್ಕದವರ ಅಡುಗೆಮನೆ ಕಾಣೋ ಹಾಗೆ.

ಪರಿಹಾರದ ಹೆಸರು ‘ಸಿಎಚ್‌ರೂಟ್’. 1979ರಲ್ಲಿ ಬಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲೇ ಇದು ಇತ್ತು. ಬಳಕೆದಾರರಿಗೆ ಅವರ ಫೋಲ್ಡರೇ ಇಡೀ ಸರ್ವರ್ ಅನ್ನೋ ಹಾಗೆ ತೋರಿಸುತ್ತೆ. ಮೇಲೆ ಹೋಗ್ತೀನಿ ಅಂದ್ರೂ ಅಲ್ಲೇ ಇರ್ತಾರೆ. ಓಪನ್‌ಎಸ್‌ಎಸ್‌ಎಚ್‌ನಲ್ಲಿ 2008ರಿಂದ ಇದು ನೇರವಾಗಿ ಸಿಗುತ್ತೆ.

ಮಾಡೋದು ಹೇಗೆ? ಗ್ರಾಹಕರನ್ನೆಲ್ಲ ಒಂದು ಗ್ರೂಪ್‌ಗೆ ಸೇರಿಸಿ. ಎಸ್‌ಎಸ್‌ಎಚ್ ಸರ್ವರ್‌ನ ಕಾನ್ಫಿಗ್ ಫೈಲ್ ಕೊನೆಯಲ್ಲಿ ‘ಮ್ಯಾಚ್ ಗ್ರೂಪ್’ ಬರೆದು, ಅದರ ಕೆಳಗೆ ಮೂರು ಸಾಲು ಹಾಕಿ. ಮೊದಲನೆಯದು, ‘ಸಿಎಚ್‌ರೂಟ್ ಡೈರೆಕ್ಟರಿ’ಗೆ ಅವರ ಹೋಮ್ ಫೋಲ್ಡರ್. ಎರಡನೆಯದು, ‘ಫೋರ್ಸ್ ಕಮಾಂಡ್’ಗೆ ‘ಇಂಟರ್ನಲ್ ಎಸ್‌ಎಫ್‌ಟಿಪಿ’. ಆಗ ಫೈಲ್ ಕಳಿಸೋದು ಬಿಟ್ಟು ಬೇರೆ ಕಮಾಂಡ್ ನಡೆಯಲ್ಲ. ಮೂರನೆಯದು, ಟಿಸಿಪಿ ಫಾರ್ವರ್ಡಿಂಗ್ ಬಂದ್.

ಬಹಳ ಜನ ಎಡವೋದು ಇದಾದ ಮೇಲೆ. ಪಾಸ್‌ವರ್ಡ್ ಸರಿಯಿದ್ರೂ ಕನೆಕ್ಷನ್ ತಟ್ಟನೆ ಕಡಿದುಹೋಗುತ್ತೆ. ತಲೆಕೆಟ್ಟು ಫೋಲ್ಡರ್‌ಗೆ 777 ಕೊಡ್ತಾರೆ. ಅದು ಇನ್ನೂ ತಪ್ಪು. ನಿಯಮ ಏನಂದ್ರೆ, ಆ ಹೋಮ್ ಫೋಲ್ಡರ್ ಮತ್ತು ಅದರ ಮೇಲಿನ ಪ್ರತಿ ಫೋಲ್ಡರೂ ರೂಟ್ ಒಡೆತನದಲ್ಲೇ ಇರಬೇಕು, ಬೇರೆ ಯಾರಿಗೂ ಬರೆಯೋ ಅನುಮತಿ ಇರಬಾರದು. ಇಲ್ಲದಿದ್ರೆ ಒಳಗಿರೋರು ಅಲ್ಲಿ ನಕಲಿ ಸಿಸ್ಟಮ್ ಫೈಲ್‌ಗಳನ್ನಿಟ್ಟು ಹೊರಬರೋ ದಾರಿ ಹುಡುಕಬಹುದು.

ಹಾಗಾದ್ರೆ ಅವರು ಫೈಲ್ ಹಾಕೋದೆಲ್ಲಿ? ಒಳಗೆ ‘ಅಪ್‌ಲೋಡ್’ ಅಂತ ಇನ್ನೊಂದು ಫೋಲ್ಡರ್ ಮಾಡಿ, ಅದನ್ನು ಮಾತ್ರ ಗ್ರಾಹಕರ ಹೆಸರಿಗೆ ಬರೆದುಕೊಡಿ.

ಕೊನೇ ಮಾತು: ಸರ್ವಿಸ್ ರೀಸ್ಟಾರ್ಟ್ ಮಾಡುವಾಗ ಈಗ ತೆರೆದಿರೋ ಲಾಗಿನ್ ಮುಚ್ಚಬೇಡಿ. ಎಡವಟ್ಟಾದ್ರೆ ನೀವೇ ಹೊರಗುಳೀತೀರಿ! ಆಮೇಲೆ ಗ್ರಾಹಕರ ಲಾಗಿನ್‌ನಲ್ಲೇ ಒಳಗೆ ಹೋಗಿ, ಒಂದು ಮೆಟ್ಟಿಲು ಮೇಲೆ ಹತ್ತಲು ನೋಡಿ. ಹತ್ತಕ್ಕಾಗಲಿಲ್ಲವೇ? ಕೆಲಸ ಆಯ್ತು.