ಮಾದರಿ ವಿಮಾನದ ಗುರುತ್ವಕೇಂದ್ರ: ಮುಂಭಾರ ಹಿಂಭಾರಗಳ ವಿಚಾರ

ನಮ್ಮ ವಿಜ್ಞಾನಪಠ್ಯಗಳಲ್ಲಿ 'ಗುರುತ್ವಕೇಂದ್ರ'ವೆಂಬ ಶಬ್ದವು ರೂಢವಾಗಿ ನಿಂತಿದೆ. ಒಂದು ವಸ್ತುವಿನ ತೂಕವೆಲ್ಲವೂ ಯಾವ ಬಿಂದುವಿನಲ್ಲಿ ನೆಲಸಿದಂತೆ ವರ್ತಿಸುವುದೋ ಆ ಬಿಂದುವಿಗೆ ಈ ಹೆಸರು. ಲಕ್ಷಣವು ನಿರ್ದುಷ್ಟವಾಗಿದೆ, ಆದರೆ 'ಕೇಂದ್ರ'ವೆಂದೊಡನೆ ವೃತ್ತದ ನಡುವನ್ನು ನೆನೆಯುವುದು ಸಾಹಿತ್ಯವನ್ನು ಬೋಧಿಸುವ ನಮ್ಮಂಥವರಿಗೆ ಸಹಜವಾಗಿದೆ. ಈ ನೆನಪಿನಿಂದಾಗುವ ನಷ್ಟವನ್ನು ಕೆಲವು ವರ್ಷಗಳ ಹಿಂದೆ ನಾನು ಕಣ್ಣಾರೆ ಕಂಡೆನು. ನನ್ನ ಸೋದರಳಿಯನು ರೇಡಿಯೋದಿಂದ ನಡೆಸುವ ಪುಟ್ಟ ವಿಮಾನವೊಂದನ್ನು ನಾಲ್ಕು ತಿಂಗಳು ಕುಳಿತು ಕಟ್ಟಿದ್ದನು. ಗುರುತ್ವಕೇಂದ್ರವೆಂದರೇನೆಂದು ಅವನು ಕೇಳಲು, ತೂಕದ ನಡು ಎಂದು ಅರ್ಥ ಹೇಳಿದವನು ನಾನೇ. ಅವನು ರೆಕ್ಕೆಯ ಅಗಲವನ್ನಳೆದು, ಸರಿಯಾಗಿ ಅರ್ಧದಲ್ಲಿ ಬೆರಳುಗಳನ್ನಿಟ್ಟು, ವಿಮಾನವು ತಕ್ಕಡಿಯ ದಂಡಿಗೆಯಂತೆ ಮಟ್ಟವಾಗಿ ನಿಲ್ಲುವ ಹಾಗೆ ತೂಕವನ್ನು ಹೊಂದಿಸಿದನು. ಬಯಲಿನಲ್ಲಿ ಕೈಬಿಟ್ಟೊಡನೆ ಅದು ಮೂತಿಯನ್ನು ಆಕಾಶಕ್ಕೆತ್ತಿ, ಒಂದು ಕ್ಷಣ ತಡೆದು ನಿಂತು, ಪಕ್ಕಕ್ಕೆ ಮಗುಚಿ ನೆಲಕ್ಕೆ ಬಿದ್ದು ಚೂರಾಯಿತು. ಹುಡುಗನು ನನ್ನನ್ನು ಏನೂ ಅನ್ನಲಿಲ್ಲ.

ಅಂದಿನಿಂದ ಈ ವಿಷಯವನ್ನು ವಿಚಾರಿಸುತ್ತ ಬಂದ ನನಗೆ, ಇದರ ಅರ್ಧ ತತ್ತ್ವವು ನಮ್ಮ ಗಾಡಿ ಹೊಡೆಯುವವರ ಮಾತಿನಲ್ಲಿಯೇ ಇದೆಯೆಂದು ತಿಳಿಯಿತು. ಎರಡು ಗಾಲಿಯ ಎತ್ತಿನ ಗಾಡಿಗೆ ಹೊರೆ ಹೇರುವಾಗ ಅವರು 'ಮುಂಭಾರ', 'ಹಿಂಭಾರ' ಎಂಬ ಮಾತುಗಳನ್ನು ಆಡುತ್ತಾರೆ. ಹೊರೆ ಅಚ್ಚಿನ ಹಿಂದಕ್ಕೆ ಹೆಚ್ಚಿದರೆ ನೊಗವು ಮೇಲಕ್ಕೆದ್ದು ಕೊರಳಿನ ಹಗ್ಗವು ಎತ್ತಿನ ಗಂಟಲನ್ನು ಬಿಗಿಯುವುದು. ಮುಂದಕ್ಕೆ ಹೆಚ್ಚಿದರೆ ಹೆಗಲು ಕುಸಿಯುವುದು. ಬಲ್ಲವನು ಹೊರೆಯನ್ನು ಸರಿಸಮವಾಗಿಯೂ ಇಡನು. ತುಸು ಮುಂಭಾರವನ್ನೇ ಉಳಿಸುವನು. ವಿಮಾನಕ್ಕೂ ಬೇಕಾದುದು ಈ 'ತುಸು ಮುಂಭಾರ'ವೇ.

ಆದರೆ ವಿಮಾನಕ್ಕೆ ಅಚ್ಚಿಲ್ಲ. ಹಾಗಾದರೆ ಯಾವುದಕ್ಕಿಂತ ಮುಂದೆ? ಉಪಮಾನವು ಇಲ್ಲಿಗೆ ನಿಲ್ಲುತ್ತದೆ. ಎರಡನೆಯ ಬಿಂದುವೊಂದನ್ನು ಅರಿಯಬೇಕಾಗುತ್ತದೆ. ಮಟ್ಟವಾಗಿ ಸಾಗುವ ವಿಮಾನಕ್ಕೆ ಗಾಳಿಯ ಸೆಳಕೊಂದು ತಗಲಿ ಮೂತಿಯು ಸ್ವಲ್ಪ ಮೇಲೆದ್ದಿತೆನ್ನೋಣ. ಒಡನೆ ರೆಕ್ಕೆಯಲ್ಲಿಯೂ ಬಾಲದ ಹಲಗೆಯಲ್ಲಿಯೂ ಎತ್ತುವ ಬಲವು ಹೆಚ್ಚುತ್ತದೆ. ಹೀಗೆ ಹೆಚ್ಚಿದ ಬಲವೆಲ್ಲ ಕೂಡಿ ಯಾವ ಸ್ಥಳದಲ್ಲಿ ವರ್ತಿಸುವುದೋ ಅದನ್ನು ತಟಸ್ಥಬಿಂದುವೆಂದು ಕರೆಯೋಣ. ಗುರುತ್ವಕೇಂದ್ರವು ಈ ಬಿಂದುವಿನ ಮುಂದಿದ್ದರೆ, ಹೆಚ್ಚಿದ ಬಲವು ಹಿಂಭಾಗವನ್ನೆತ್ತಿ ಮೂತಿಯನ್ನು ತಗ್ಗಿಸುತ್ತದೆ; ವಿಮಾನವು ತಾನಾಗಿಯೇ ಮೊದಲಿನ ಸ್ಥಿತಿಗೆ ಮರಳುತ್ತದೆ. ಹಿಂದಿದ್ದರೆ, ಅದೇ ಬಲವು ಎದ್ದ ಮೂತಿಯನ್ನು ಇನ್ನಷ್ಟು ಎತ್ತುತ್ತದೆ. ನನ್ನ ಸೋದರಳಿಯನ ವಿಮಾನಕ್ಕೆ ಆದುದು ಇದೇ. ಬೆರಳಿನ ಪರೀಕ್ಷೆಯು ಗುರುತ್ವಕೇಂದ್ರವು ಎಲ್ಲಿದೆಯೆಂಬುದನ್ನು ಮಾತ್ರ ತೋರಿಸೀತು, ಎಲ್ಲಿರಬೇಕೆಂಬುದನ್ನು ತೋರಿಸದು.

ಈ ವಿವೇಕವು ಹೊಸದಲ್ಲ. 1804ರಲ್ಲಿ ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿಯು ಮಾಡಿದ ತೇಲುವ ಮಾದರಿಯಲ್ಲಿ ಗುರುತ್ವಕೇಂದ್ರವನ್ನು ಬದಲಿಸಲೆಂದೇ ಸರಿಸಬಹುದಾದ ತೂಕವೊಂದಿತ್ತು. 1871ರಲ್ಲಿ ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣನು ಪ್ಯಾರಿಸ್ಸಿನ ಟ್ಯೂಲರಿ ಉದ್ಯಾನದಲ್ಲಿ, ತಿರುಚಿದ ರಬ್ಬರಿನ ಬಲದಿಂದ ನಡೆಯುವ ಮಾದರಿಯನ್ನು ಹಾರಿಸಿದನು. ತೂಕವನ್ನು ಮುಂದಕ್ಕಿಟ್ಟು, ಬಾಲದ ಹಲಗೆಯನ್ನು ರೆಕ್ಕೆಗಿಂತ ಕಡಮೆ ಕೋನದಲ್ಲಿ ಕೂಡಿಸಿದ್ದರಿಂದ ಅದು ಯಾರ ಕೈಯೂ ಇಲ್ಲದೆ ನೆಟ್ಟಗೆ ಹಾರಿತು. ರೈಟ್ ಸಹೋದರರು ಮಾತ್ರ ತಮ್ಮ ವಿಮಾನಕ್ಕೆ ಬಾಲದ ಹಲಗೆಯ ಬದಲು ಮುಂದೆಯೇ ಹಲಗೆಯನ್ನಿಟ್ಟಿದ್ದರು. ಆ ರಚನೆಯಲ್ಲಿ ತಟಸ್ಥಬಿಂದುವೂ ಮುಂದಕ್ಕೆ ಸರಿಯುವುದರಿಂದ ವಿಮಾನವು ಕುದುರೆಯಂತೆ ಏಳುತ್ತ ಬೀಳುತ್ತ ಸಾಗುತ್ತಿತ್ತು. 1904ರಲ್ಲಿ ಅವರು ಮುಂಭಾಗಕ್ಕೆ ಸುಮಾರು 70 ಪೌಂಡು ಕಬ್ಬಿಣವನ್ನು ಕಟ್ಟಿ ಅದನ್ನು ಪಳಗಿಸಿದರು.

ಇನ್ನು ಪ್ರಯೋಗಕ್ಕೆ ಬರೋಣ. ಸಾಮಾನ್ಯ ರಚನೆಯ ಮಾದರಿಯಲ್ಲಿ ಗುರುತ್ವಕೇಂದ್ರವು ರೆಕ್ಕೆಯ ಮುನ್ನಂಚಿನಿಂದ ಹಿಂದಕ್ಕೆ, ರೆಕ್ಕೆಯ ಸರಾಸರಿ ಅಗಲದ ನೂರಕ್ಕೆ 25ರಿಂದ 33ರೊಳಗೆ ಇರಬೇಕು. ಅಗಲವು 200 ಮಿಲಿಮೀಟರಾದರೆ 50ರಿಂದ 66 ಮಿಲಿಮೀಟರು. ಬಾಲವಿಲ್ಲದ ಬರಿ ರೆಕ್ಕೆಯ ವಿಮಾನಗಳಿಗೆ ಇನ್ನೂ ಮುಂದೆ ಬೇಕು. ಪರೀಕ್ಷೆಯ ಕಾಲದಲ್ಲಿ ಬ್ಯಾಟರಿ ಮೊದಲಾದುವೆಲ್ಲ ತಮ್ಮ ತಮ್ಮ ಸ್ಥಾನದಲ್ಲಿರಬೇಕು. ಎಣ್ಣೆಯ ಎಂಜಿನ್ನಾದರೆ ತೊಟ್ಟಿಯು ಬರಿದಾಗಿರಬೇಕು. ಅದು ಸಾಮಾನ್ಯವಾಗಿ ಮುಂದುಗಡೆಯೇ ಇರುವುದರಿಂದ, ಎಣ್ಣೆ ಮುಗಿಯುತ್ತ ಬಂದಂತೆ ವಿಮಾನವು ಹಿಂಭಾರವಾಗುತ್ತದೆ. ರೆಕ್ಕೆಯು ಮೇಲಿರುವ ವಿಮಾನವನ್ನು ಬೆರಳ ತುದಿಗಳಿಂದ ರೆಕ್ಕೆಯಡಿ ಎತ್ತಬೇಕು. ಕೆಳಗಿರುವುದನ್ನು ಬೋರಲು ಹಾಕಿ ಎತ್ತುವುದು ಸುಲಭ.

ಒಂದು ಲೆಕ್ಕವನ್ನು ನೋಡಬಹುದು. 1200 ಗ್ರಾಂ ತೂಗುವ ವಿಮಾನದ ಗುರುತ್ವಕೇಂದ್ರವು 60 ಮಿಲಿಮೀಟರಿನಲ್ಲಿರಬೇಕಾದುದು 70ರಲ್ಲಿದೆ. 10 ಮಿಲಿಮೀಟರಿನ ತಪ್ಪನ್ನು ತೂಕದಿಂದ ಗುಣಿಸಲು 12000 ಬರುತ್ತದೆ. ಮೂತಿಯು ಬೇಕಾದ ಬಿಂದುವಿನಿಂದ 240 ಮಿಲಿಮೀಟರು ಮುಂದಿದ್ದರೆ, ಅಲ್ಲಿ 50 ಗ್ರಾಂ ಸೀಸವನ್ನು ಅಂಟಿಸಬೇಕಾದೀತು. ಅದಕ್ಕೆ ಬದಲಾಗಿ 200 ಗ್ರಾಂ ಬ್ಯಾಟರಿಯನ್ನು 60 ಮಿಲಿಮೀಟರು ಮುಂದಕ್ಕೆ ಸರಿಸಿದರೆ ಫಲವು ಅದೇ, ಭಾರವೂ ಏರದು. ಬಾಲದ ಕಡೆ ಕೈ ಬಿಗಿಹಿಡಿಯಬೇಕಾದುದೂ ಇದರಿಂದಲೇ ತಿಳಿಯುತ್ತದೆ: 600 ಮಿಲಿಮೀಟರು ಹಿಂದಿರುವ ಬಾಲಕ್ಕೆ 1 ಗ್ರಾಂ ಬಣ್ಣ ಹೆಚ್ಚಾದರೆ ಮೂತಿಗೆ ಎರಡೂವರೆ ಗ್ರಾಂ ತೆರಬೇಕು.

ಮುಂಭಾರವೂ ಅತಿಯಾಗಬಾರದು. ಆಗ ಬಾಲದ ಹಲಗೆಯು ಸದಾ ಕೆಳಕ್ಕೊತ್ತುತ್ತಿರಬೇಕಾಗಿ, ವಿಮಾನವು ವೇಗದಿಂದಲೇ ನೆಲಕ್ಕಿಳಿಯುತ್ತದೆ. ಮೂತಿಯನ್ನೆತ್ತಲು ಸಾಲುವಷ್ಟು ಬಲವಿರುವುದಿಲ್ಲ. ಆದರೂ ಮೊದಲ ಹಾರಾಟಕ್ಕೆ ಈ ದೋಷವೇ ಮೇಲು. ಮುಂಭಾರದ ವಿಮಾನವು ಚೆನ್ನಾಗಿ ಹಾರದು, ಹಿಂಭಾರದ್ದು ಒಮ್ಮೆ ಮಾತ್ರ ಹಾರುವುದು ಎಂಬ ಮಾತು ಈ ಹವ್ಯಾಸದವರಲ್ಲಿ ಪ್ರಚಲಿತವಾಗಿದೆ.

ಕೊನೆಯ ತೀರ್ಪು ಆಕಾಶದ್ದು. ಮಟ್ಟವಾಗಿ ಹಾರುವಂತೆ ಹೊಂದಿಸಿದ ವಿಮಾನವನ್ನು ಸಾಕಷ್ಟು ಎತ್ತರದಲ್ಲಿ ಇಳಿಜಾರಾಗಿ ಧುಮುಕಿಸಿ ಹಿಡಿತವನ್ನು ಸಡಿಲಿಸಬೇಕು. ಅದು ಥಟ್ಟನೆ ಮೇಲಕ್ಕೇಳಿದರೆ ಮುಂಭಾರ ಹೆಚ್ಚು. ವೇಗವೇರಿದಂತೆ ಬಾಲವು ಒತ್ತುವ ಬಲವು ವೇಗದ ವರ್ಗದಂತೆ ಬೆಳೆಯುವುದೇ ಇದಕ್ಕೆ ಕಾರಣ. ಇನ್ನೂ ಕಡಿದಾಗಿ ಇಳಿಯತೊಡಗಿದರೆ ಹಿಂಭಾರ; ಒಡನೆ ಕೈಹಾಕಬೇಕು. ನಿಧಾನವಾಗಿ ತಲೆಯೆತ್ತಿದರೆ ಸರಿಯಾಗಿದೆ. ಸೋದರಳಿಯನ ಎರಡನೆಯ ವಿಮಾನವು ಮೊದಲು ಥಟ್ಟನೆ ಎದ್ದಿತು. ಅವನು ಬ್ಯಾಟರಿಯನ್ನು ಪ್ರತಿ ಹಾರಾಟಕ್ಕೂ ತುಸುತುಸುವೇ ಹಿಂದಕ್ಕೆ ಸರಿಸುತ್ತ ಹೋಗಿ, ನಾಲ್ಕನೆಯ ಸಲಕ್ಕೆ ನಿಲ್ಲಿಸಿ, ಅದರ ಅಂಚಿಗೆ ಪೆನ್ಸಿಲಿನಿಂದ ಒಂದು ಗೀಟೆಳೆದನು.