ಮುದ್ದು ಮುಖದ ಪಗ್ ಏಕೆ ತೇಕುತ್ತದೆ?

ಮಕ್ಕಳೇ, ಮಾರ್ಚ್ ತಿಂಗಳಲ್ಲಿ ಒಂದು ಶಾಲೆಗೆ ಹೋಗಿದ್ದೆ. ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ನಮ್ಮ ಮಾವನ ಮನೆಯ ಪಗ್ ನಾಯಿ ಮಲಗಿದರೆ ಅಜ್ಜನ ಹಾಗೆ ಗೊರಕೆ ಹೊಡೆಯುತ್ತದೆ. ಮೊನ್ನೆ ಮಧ್ಯಾಹ್ನ ನಮ್ಮ ಜೊತೆ ಓಡಿ ಬಿದ್ದೇ ಬಿಟ್ಟಿತು. ಬೀದಿನಾಯಿಗೆ ಏನೂ ಆಗಲಿಲ್ಲ. ಏಕೆ?”

ಒಳ್ಳೆಯ ಪ್ರಶ್ನೆ ಅಲ್ಲವೇ? ಬನ್ನಿ, ಉತ್ತರ ಹುಡುಕೋಣ.

ನಾಯಿಯ ಮೂಗು ಒಂದು ತಂಪು ಯಂತ್ರ

ಸೆಕೆಯಾದಾಗ ನಮ್ಮ ಮೈಯೆಲ್ಲ ಬೆವರುತ್ತದೆ. ಬೆವರು ಆವಿಯಾಗುವಾಗ ದೇಹದ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ನಾಯಿ ಬೆವರುವುದು ಮುಖ್ಯವಾಗಿ ಪಾದಗಳಲ್ಲಿ ಮಾತ್ರ. ಅದು ತನ್ನನ್ನು ತಂಪಾಗಿಟ್ಟುಕೊಳ್ಳುವುದು ನಾಲಿಗೆ ಹೊರಚಾಚಿ ತೇಕುವುದರಿಂದ. ಆಗ ಬಾಯಿ, ನಾಲಿಗೆ ಮತ್ತು ಮೂಗಿನ ಒಳಗಿನ ತೇವ ಆವಿಯಾಗುತ್ತದೆ. ಮುಧೋಳ ನಾಯಿಯಂತಹ ಉದ್ದ ಮೂತಿಯ ನಾಯಿಯಲ್ಲಿ ಮೂಗಿನೊಳಗೆ ಇದಕ್ಕೆ ಬೇಕಾದಷ್ಟು ಜಾಗವಿದೆ.

ಪಗ್‌ನ ಕಥೆ ಬೇರೆ. ಅದರ ಮೂತಿಯ ಮೂಳೆ ಮೊಟಕಾಗಿದೆ, ಆದರೆ ಒಳಗಿನ ಮಾಂಸ ಅಷ್ಟು ಕಡಿಮೆಯಾಗಿಲ್ಲ. ಚಿಕ್ಕ ಚೀಲದಲ್ಲಿ ದೊಡ್ಡ ಚೀಲದ ಪುಸ್ತಕಗಳನ್ನೆಲ್ಲ ತುರುಕಿದಂತೆ! ಮೂಗಿನ ಹೊಳ್ಳೆಗಳು ಕಿರಿದು. ಅಂಗುಳದ ಮೆತ್ತನೆಯ ಹಿಂಭಾಗ ಉದ್ದವಾಗಿ ಗಂಟಲಿಗೆ ಅಡ್ಡ ಬರುತ್ತದೆ. ಉಸಿರಾಡುವಾಗ ಅದು ಅದುರುವುದೇ ಗೊರಕೆ.

ಬಿಸಿಲಿನಲ್ಲಿ ಓಡಿದಾಗ ಪಗ್ ಜೋರಾಗಿ ತೇಕುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ಎಳೆಯಲು ಸ್ನಾಯುಗಳು ಹೆಚ್ಚು ದುಡಿಯಬೇಕು. ಅದರಿಂದ ಇನ್ನಷ್ಟು ಶಾಖ ಹುಟ್ಟುತ್ತದೆ. ಗಂಟಲು ಊದಿಕೊಂಡು ದಾರಿ ಮತ್ತೂ ಕಿರಿದಾಗುತ್ತದೆ. ನಾಯಿಯ ಸಹಜ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41 ಡಿಗ್ರಿ ದಾಟಿದರೆ ಪ್ರಾಣಕ್ಕೇ ಅಪಾಯ.

ಇನ್ನಿತರ ತೊಂದರೆಗಳು

• ಕಣ್ಣುಗಳು ಹೊರಚಾಚಿರುವುದರಿಂದ ಬೇಗ ಒಣಗುತ್ತವೆ, ಗೀರಿ ಹುಣ್ಣಾಗುತ್ತವೆ.
• ಮುಖದ ಮಡಿಕೆಗಳಲ್ಲಿ ತೇವ, ಕೊಳೆ ನಿಂತು ಸೋಂಕಾಗುತ್ತದೆ.
• ನಾಯಿಗೆ 42 ಹಲ್ಲುಗಳು. ಪುಟ್ಟ ದವಡೆಯಲ್ಲಿ ಅವು ಒತ್ತೊತ್ತಾಗಿ ಬೆಳೆಯುತ್ತವೆ.
• ಸುರುಳಿ ಬಾಲದ ಪಗ್‌ಗಳಲ್ಲಿ ಬೆನ್ನುಮೂಳೆಯ ಮಣಿಗಳೂ ವಕ್ರವಾಗಿರುವುದುಂಟು.

ಇದು ಯಾರ ತಪ್ಪು?

ರೈತರು ದಪ್ಪ ತೆನೆಯನ್ನು ಆರಿಸಿ ಬಿತ್ತನೆಗೆ ಇಡುತ್ತಾರಲ್ಲವೇ? ಹಾಗೆಯೇ ಜನರು ಚಪ್ಪಟೆ ಮುಖದ ನಾಯಿಗಳನ್ನೇ ಆರಿಸಿ ಮರಿ ಮಾಡಿಸುತ್ತ ಬಂದರು. ಪಗ್‌ನ ಮೂಲ ಚೀನಾ ದೇಶ. ನಮ್ಮಲ್ಲಿ 2003ರ ಒಂದು ಮೊಬೈಲ್ ಫೋನ್ ಜಾಹೀರಾತಿನಿಂದ ಅದು ಮನೆಮಾತಾಯಿತು. ಮುಖ ಮುದ್ದಾಯಿತು, ಉಸಿರು ಕಷ್ಟವಾಯಿತು. ತೀರಾ ಮೊಟಕು ಮೂತಿಯ ನಾಯಿಗಳಿಂದ ಮರಿ ಮಾಡಿಸುವುದರ ಮೇಲೆ ನೆದರ್ಲೆಂಡ್ಸ್ ದೇಶ 2019ರಿಂದ ಕಟ್ಟುನಿಟ್ಟಿನ ಕ್ರಮ ಕೈಗೊಂಡಿದೆ.

ನಾವೇನು ಮಾಡಬಹುದು?

ಪಗ್ ಇರುವ ಮನೆಯವರಿಗೆ ಹೇಳಿ: ಮುಂಜಾನೆ ಅಥವಾ ಸಂಜೆ ತಂಪಿನಲ್ಲಿ ಮಾತ್ರ ತಿರುಗಾಡಿಸಿ. ಕುತ್ತಿಗೆಗೆ ಬಿಗಿಯುವ ಪಟ್ಟಿಯ ಬದಲು ಎದೆಗೆ ಹಾಕುವ ಪಟ್ಟಿ ಬಳಸಿ. ಅತಿಯಾಗಿ ತಿನ್ನಿಸಿ ಕೊಬ್ಬಿಸಬೇಡಿ. ಮುಖದ ಮಡಿಕೆಗಳನ್ನು ಒರೆಸಿ ಒಣಗಿಸಿ. ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗಲೇಬೇಡಿ. ನಾಯಿ ತೇಕುತ್ತ ಕುಸಿದರೆ, ನಾಲಿಗೆ ನೀಲಿಯಾದರೆ, ಕೂಡಲೇ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಹಾಕಿ, ಗಾಳಿ ಬೀಸುತ್ತ ಪಶುವೈದ್ಯರ ಬಳಿಗೆ ಕರೆದೊಯ್ಯಬೇಕು.

ಆ ಹುಡುಗಿಗೂ ಇದನ್ನೇ ಹೇಳಿದೆ. “ಹಾಗಾದರೆ ಅದು ಸೋಮಾರಿಯಲ್ಲ ಸರ್, ಅದಕ್ಕೆ ಉಸಿರು ಸಾಲುತ್ತಿರಲಿಲ್ಲ” ಎಂದಳು. ಮಾವನಿಗೆ ತಿಳಿಸುವ ಕೆಲಸವನ್ನೂ ಅವಳೇ ವಹಿಸಿಕೊಂಡಳು.

ಮಾಡಿ ನೋಡಿ: ಒಂದು ಕೈಯ ಹಿಂಭಾಗವನ್ನು ಒದ್ದೆ ಮಾಡಿ. ಎರಡೂ ಕೈಗಳ ಮೇಲೆ ಊದಿ. ಯಾವುದು ತಂಪು? ಏಕೆ? ನಂತರ ತೆಳು ಕೊಳವೆಯಿಂದ ಒಮ್ಮೆ, ದಪ್ಪ ಕೊಳವೆಯಿಂದ ಒಮ್ಮೆ ಊದಿ. ಯಾವುದರಲ್ಲಿ ಕಷ್ಟ? ನಿಮ್ಮ ಉತ್ತರವನ್ನು ಗೆಳೆಯರೊಂದಿಗೆ ಚರ್ಚಿಸಿ.